ಪ್ರತಿಕ್ರಿಯೆ: ವಾಪಸ್ ಬರುವಾಗ ದೋಣಿಗೆ ಹಿಂದಿನಿಂದ ನೀರು ನುಗ್ಗಿದ್ದು

ವಾಪಸ್ ಬರುವಾಗ ನಿಮ್ಮ ದೋಣಿಗೆ ಹಿಂದಿನಿಂದ ನೀರು ಯಾಕೆ ನುಗ್ಗಿತು ಅಂತ ಕೇಳಿದ್ದೀರಿ. ಹಿಂಬದಿಯಲ್ಲಿ ಭಾರ ಜಾಸ್ತಿಯಾಗಿರಬೇಕು, ಅದಕ್ಕೆ ಮಧ್ಯಾಹ್ನದ ಗಾಳಿಯೂ ಸೇರಿದೆ. 12 ಅಡಿ ಉದ್ದ, 4 ಅಡಿ ಅಗಲದ ದೋಣಿಯಲ್ಲಿ ನಾಲ್ಕು ಜನ, ಹಿಂದೆ ಮೋಟಾರು ಮತ್ತು ಪೆಟ್ರೋಲ್ ಡಬ್ಬ ಅಂತ ಬರೆದಿದ್ದೀರಿ, ಅಲ್ವಾ?

ಮೊದಲು ಜನರ ಲೆಕ್ಕ. ದೋಣಿಯಲ್ಲಿ ಭಾರದ ಮಿತಿ ಬರೆದ ಫಲಕವಿದ್ದರೆ ಅದನ್ನೇ ನಂಬಿ. ಇಲ್ಲದಿದ್ದರೆ ಅಡಿ ಲೆಕ್ಕದಲ್ಲಿ ಉದ್ದವನ್ನು ಅಗಲದಿಂದ ಗುಣಿಸಿ, 15ರಿಂದ ಭಾಗಿಸಿ. ನಿಮಗೆ 3.2 ಬರುತ್ತದೆ. ಅಂದರೆ ಮೂರೇ ಜನ, ಅದೂ ನೀರು ಶಾಂತವಾಗಿದ್ದಾಗ. ಸಾಮಾನನ್ನು ನಡುವೆ, ತಳದಲ್ಲಿಡಿ. ಒಬ್ಬರು ಮುಂದೆ ಕೂರಲಿ.

ರ‍್ಯಾಂಪಿನಲ್ಲಿ ದೋಣಿ ಹೊತ್ತ ಟ್ರೇಲರನ್ನು ನೀರಿಗೆ ಇಳಿಸುವ ಮೊದಲೇ, ದೋಣಿಯ ತಳದಲ್ಲಿ ನೀರು ಹೊರಬಿಡುವ ತೂತಿನ ಬಿರಡೆ ಬಿಗಿಯಾಗಿದೆಯಾ ನೋಡಿ. ನಾನು ಒಮ್ಮೆ ಮರೆತಿದ್ದೆ, ಐದೇ ನಿಮಿಷದಲ್ಲಿ ಪಾದ ಮುಳುಗಿತು. ನಿಮ್ಮಲ್ಲೂ ಅಲ್ಲಿಂದ ಸ್ವಲ್ಪ ನೀರು ಬಂದಿರಬಹುದು, ದೋಣಿ ನೋಡದೆ ಖಚಿತವಾಗಿ ಹೇಳಲಾರೆ.

ಬೆಳಗ್ಗೆಯೇ ಹೊರಡಿ. ಹೋಗುವಾಗ ಗಾಳಿಗೆ ಎದುರಾಗಿ ಹೋದರೆ, ದಣಿದು ವಾಪಸಾಗುವಾಗ ಗಾಳಿಯೇ ದಡದ ಕಡೆ ತಳ್ಳುತ್ತದೆ. ಆದರೆ ಅಲೆ ಏಳುವ ಮೊದಲೇ ತಿರುಗಿಬಿಡಿ, ಹಿಂದಿನ ಅಲೆ ಇಂಥ ದೋಣಿಗೆ ಒಳ್ಳೆಯದಲ್ಲ. ಇಂಧನದಲ್ಲಿ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಉಳಿದದ್ದು ಮುಟ್ಟಬೇಡಿ.

ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಎಲ್ಲರ ಮೈಮೇಲಿರಲಿ. ನೀರಿಗೆ ಬಿದ್ದ ಮೇಲೆ ಅದನ್ನು ಹಾಕಿಕೊಳ್ಳುವುದು ತುಂಬಾ ಕಷ್ಟ. ದೋಣಿ ಮಗುಚಿದರೆ ಈಜಿ ದಡ ಸೇರಲು ಹೋಗದೆ ದೋಣಿಯನ್ನೇ ಹಿಡಿದಿರಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ ಅಂತ ದಡದಲ್ಲಿರುವ ಒಬ್ಬರಿಗೆ ಹೇಳಿ ಹೊರಡಿ.