ಆಂಜಿಯೋ ನಾರ್ಮಲ್ ಬಂದರೂ ಅಮ್ಮನಿಗೆ ಎದೆನೋವು, ಮನೋವೈದ್ಯರಿಗೆ ತೋರಿಸಬೇಕಾ?

54 ವರ್ಷ, ಶುಗರ್ ಇದೆ, ಆಂಜಿಯೋದಲ್ಲಿ ಬ್ಲಾಕ್ ಇಲ್ಲ, ಆದರೂ ನಡೆದರೆ ಎದೆ ಹಿಡಿಯುತ್ತೆ. ನಿಮ್ಮ ತಾಯಿಯ ಬಗ್ಗೆ ಓದ್ತಿದ್ದರೆ ನನ್ನದೇ ಫೈಲ್ ಬಿಚ್ಚಿದ ಹಾಗಾಯ್ತು.

ನನಗೂ ಹೀಗೇ ಆಗ್ತಿತ್ತು. ಗಾಂಧಿ ಬಜಾರಿಂದ ತರಕಾರಿ ಚೀಲ ಹೊತ್ತು ನ್ಯಾಷನಲ್ ಕಾಲೇಜ್ ಮೆಟ್ರೋ ಮೆಟ್ಟಿಲು ಹತ್ತಿದರೆ ಎದೆ ನಡುವೆ ಒತ್ತಡ, ದವಡೆವರೆಗೂ ಸೆಳೆತ. ನಿಂತರೆ ಕಮ್ಮಿ. ಮನೇಲಿ ಎಲ್ಲರೂ 'ಗ್ಯಾಸು ಕಣೇ' ಅಂತ ಈನೋ ಕಲಸಿ ಕೊಟ್ಟಿದ್ದೇ ಕೊಟ್ಟಿದ್ದು. ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡೋ ಟಿಎಂಟಿ ಪಾಸಿಟಿವ್ ಬಂತು, ಆಂಜಿಯೋ ಆಯ್ತು. 'ದೊಡ್ಡ ಬ್ಲಾಕ್ ಏನಿಲ್ಲಮ್ಮ, ಟೆನ್ಶನ್ ಬಿಡಿ' ಅಂದು ಕಳಿಸಿದರು.

ಕೆಟ್ಟಿದ್ದು ಇಲ್ಲೇ. ರಿಪೋರ್ಟ್‌ನಲ್ಲಿ ಎಲ್‌ಎಡಿ ಅನ್ನೋ ರಕ್ತನಾಳದ ಎದುರು '30% ಪ್ಲೇಕ್' (ನಾಳದ ಗೋಡೆಗೆ ಕಟ್ಟಿದ ಕೊಬ್ಬು) ಅಂತ ಇತ್ತು, ಕೊನೇ ಸಾಲಲ್ಲಿ 'ಮೆಡಿಕಲ್ ಮ್ಯಾನೇಜ್‌ಮೆಂಟ್'. ಸ್ಟೆಂಟ್ ಬೇಡ ಅಂದರೆ ಕಾಯಿಲೆನೇ ಇಲ್ಲ ಅಂದುಕೊಂಡೆ. ಬ್ಲಾಕೇ ಇಲ್ಲದ ಮೇಲೆ ಕೊಲೆಸ್ಟ್ರಾಲ್ ಮಾತ್ರೆ ಯಾಕೆ, ಲಿವರ್ ಹಾಳಾಗುತ್ತೆ ಅಂತ ಸ್ಟಾಟಿನ್ ನಿಲ್ಲಿಸಿಬಿಟ್ಟೆ. ಮೆಡಿಕಲ್ ಮ್ಯಾನೇಜ್‌ಮೆಂಟ್ ಅಂದರೆ ಆ ಮಾತ್ರೆಯೇ! 30% ಅಂದರೆ ನಾಳ 70% ತೆರೆದಿದೆ ಅಂತ ಲೆಕ್ಕ ಹಾಕ್ತೀವಿ ನೋಡಿ, ಹೃದಯಾಘಾತಕ್ಕೆ ಆ ಲೆಕ್ಕ ಗೊತ್ತಿಲ್ಲ. ಸಣ್ಣ ಪ್ಲೇಕ್ ಕೂಡ ಒಡೆಯಬಹುದು, ಒಡೆದ ಕಡೆ ರಕ್ತ ಹೆಪ್ಪುಗಟ್ಟಬಹುದು. ಸ್ಟಾಟಿನ್ ಕೊಡೋದು ಪ್ಲೇಕನ್ನ ಗಟ್ಟಿ ಮಾಡಿ ಒಡೆಯದ ಹಾಗೆ ನೋಡಿಕೊಳ್ಳೋಕೆ. ಇದ್ದ ಬೇಲಿಯನ್ನ ನಾನೇ ಕಿತ್ತು ಹಾಕಿದ್ದೆ. ಒಂದು ರಾತ್ರಿ ವಾಂತಿ, ಮೈಯೆಲ್ಲ ತಣ್ಣನೆ ಬೆವರು. ಹೃದಯದ ಸ್ನಾಯುಗೆ ಪೆಟ್ಟಾದರೆ ರಕ್ತದಲ್ಲಿ ಏರೋ ಟ್ರೋಪೋನಿನ್ ಏರಿತ್ತು, ಹೃದಯಾಘಾತ. ಮಾತ್ರೆ ತಗೊಂಡಿದ್ದರೆ ಆಗ್ತಿರಲಿಲ್ಲ ಅಂತ ಯಾವ ಡಾಕ್ಟರೂ ಬರೆದುಕೊಡಲ್ಲ. ಆದರೆ ಎಕೋದಲ್ಲಿ ಈಗಲೂ ಹೃದಯದ ಒಂದು ಗೋಡೆ ಸರಿಯಾಗಿ ಕುಗ್ಗಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಬ್ಲಾಕ್ ಇಲ್ಲ ಅಂದಾಕ್ಷಣ ಹೃದಯದ ಡಾಕ್ಟರ ಕೆಲಸ ಮುಗಿಯಲ್ಲ. ಆಂಜಿಯೋದಲ್ಲಿ ಕಾಣೋದು ದೊಡ್ಡ ನಾಳಗಳು ಮಾತ್ರ, ಸ್ನಾಯುವಿನೊಳಗಿನ ಸೂಕ್ಷ್ಮ ನಾಳಗಳು ಕಾಣಲ್ಲ. ಅವು ಬೇಕಾದಾಗ ಹಿಗ್ಗದಿದ್ದರೂ ಎದೆ ಹಿಡಿಯುತ್ತೆ, ಹೆಂಗಸರಲ್ಲಿ ಇದೇನೂ ಅಪರೂಪ ಅಲ್ಲ. ಅಮೆರಿಕದಲ್ಲಿ 1996ರಲ್ಲಿ ಶುರುವಾದ 'ವೈಸ್' ಅಧ್ಯಯನ ಎದೆನೋವಿನ ಹೆಂಗಸರನ್ನೇ ಹಿಂಬಾಲಿಸಿ ನೋಡಿತು. ದೊಡ್ಡ ಬ್ಲಾಕ್ ಇಲ್ಲದವರಿಗೂ ಮುಂದೆ ಅಪಾಯ ಇದೆ ಅಂತ ಅದರಲ್ಲಿ ಗೊತ್ತಾಯ್ತು. ಸೂಕ್ಷ್ಮ ನಾಳ ಪರೀಕ್ಷಿಸೋಕೆ ಔಷಧಿ ಕೊಟ್ಟು ಹೃದಯದ ರಕ್ತದ ಹರಿವು ನೋಡೋ ಸ್ಟ್ರೆಸ್ ಎಂಆರ್‌ಐ ಇದೆ, ಆಂಜಿಯೋ ವೇಳೆಯೇ ವೈರ್ ಹಾಕಿ ನಾಳ ಹಿಗ್ಗಿಸೋ ಅಡೆನೋಸಿನ್ ಔಷಧಿ ಕೊಟ್ಟು ಹರಿವು ಅಳೆಯೋ ವಿಧಾನವೂ ಇದೆ. ಎಲ್ಲ ಕಡೆ ಮಾಡಲ್ಲ, ದುಡ್ಡೂ ಜಾಸ್ತಿ, ನೀವೇ ಬಾಯಿಬಿಟ್ಟು ಕೇಳಬೇಕು. ಆತಂಕ ಇದ್ದರೆ ಅದಕ್ಕೂ ಚಿಕಿತ್ಸೆ ಕೊಡಿಸಿ, ಬೇಡ ಅನ್ನಲ್ಲ, ಆದರೆ ಹೃದಯದ ಬದಲಿಗೆ ಅಲ್ಲ.

ಆಂಜಿಯೋದ ಸಿಡಿ ಕೊಟ್ಟಿರ್ತಾರೆ, ಹುಡುಕಿ. ಜಯದೇವದಲ್ಲೋ ಬೇರೆ ಕಡೆಯೋ ಇನ್ನೊಬ್ಬ ಹೃದ್ರೋಗ ತಜ್ಞರಿಗೆ ಅದನ್ನೇ ತೋರಿಸಿ, ಬರೀ ರಿಪೋರ್ಟ್ ಹಿಡಿದು ಹೋಗಬೇಡಿ. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಕೂತರೂ ನೋವು ಇಳಿಯದೆ ಬೆವರೋ ವಾಂತಿಯೋ ಬಂದರೆ ಈನೋ ಹುಡುಕದೆ 108ಕ್ಕೆ ಫೋನ್ ಮಾಡಿ.