ಮಾತ್ರೆ ಏಕೆ ಬಿಟ್ಟೆ ಎಂಬುದನ್ನೂ ಬರೆದುಕೋ

ನಿನ್ನ ಪತ್ರ ಓದಿದೆ. ಈ ಹೊಸ ದೇಶಕ್ಕೆ ಬಂದು ನಾಲ್ಕೇ ತಿಂಗಳು, ನಿದ್ದೆ ಕೆಟ್ಟಿದೆ, ಹಿಂದೊಮ್ಮೆ ಖಿನ್ನತೆಗೆ ಮಾತ್ರೆ ತೆಗೆದುಕೊಂಡದ್ದೂ ಉಂಟು, ಮೂರು ವಾರದ ನಂತರ ಮನೋವೈದ್ಯರನ್ನು ಮೊದಲ ಸಲ ನೋಡುವುದಿದೆ, ಏನು ಹೇಳಲಿ, ಎಷ್ಟು ಹೇಳಲಿ ಎಂದು ಕೇಳಿದ್ದೀಯ. ಅಕ್ಕ ಎಂದು ಕರೆದಿದ್ದೀಯಲ್ಲ, ಏಕವಚನದಲ್ಲೇ ಉತ್ತರಿಸುತ್ತೇನೆ.

ಮೊದಲು ನನ್ನ ಎಡವಟ್ಟು. ಹೊಸದಾಗಿ ಬಂದಾಗ ಇಂಥದೇ ಭೇಟಿಗೆ ನಾನು ಕೈಬೀಸಿಕೊಂಡು ಹೋಗಿದ್ದೆ. ಹಿಂದೆ ಯಾವ ಔಷಧ ತೆಗೆದುಕೊಂಡಿದ್ದೆ ಎಂದು ಕೇಳಿದರು. ಒಂದು ಹೆಸರು ಹೇಳಿದೆ, ಅದು ಕಂಪನಿ ಇಟ್ಟ ಹೆಸರು, ಅವರು ಕೇಳಿಯೇ ಇರಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿ ಒಳಗಿನ ಔಷಧ ಯಾವುದೆಂದು ಪತ್ತೆ ಮಾಡಿದರು. ಎಷ್ಟು ಕಾಲ ತೆಗೆದುಕೊಂಡಿರಿ? ಎರಡು ತಿಂಗಳಿರಬೇಕು. ಗುಣ ಕಂಡಿತೇ? ಇಲ್ಲ. ಅಲ್ಲಿಗೆ ಆ ಔಷಧದ ಕಥೆ ಮುಗಿಯಿತು, ಬೇರೆ ಔಷಧಗಳ ಸರದಿ ಶುರುವಾಯಿತು. ಎಂಟು ತಿಂಗಳ ನಂತರ ಮನೆಯಲ್ಲಿ ನನ್ನ ತಮ್ಮ ಹಳೆಯ ಕಾಗದ ಜಾಲಾಡುವಾಗ ಔಷಧದಂಗಡಿಯ ಬಿಲ್ಲು ಸಿಕ್ಕಿತು. ನಾನು ಕೊಂಡದ್ದು ಒಂದೇ ಒಂದು ಪಟ್ಟಿ, ಹದಿನೈದು ಮಾತ್ರೆ. ಅದರಲ್ಲೂ ಮೂರು ಉಳಿದಿದ್ದವು. ವಾಕರಿಕೆ ತಡೆಯಲಾಗದೆ ಹನ್ನೆರಡನೆಯ ದಿನಕ್ಕೆ ಬಿಟ್ಟಿದ್ದೆ. ಎರಡು ತಿಂಗಳು ನುಂಗಿದ್ದೆನೆಂದು ಪ್ರಾಮಾಣಿಕವಾಗಿ ನಂಬಿದ್ದೆ ನೋಡು!

ಖಿನ್ನತೆಯ ಔಷಧ ಒಬ್ಬರಿಗೆ ಹಿಡಿಯುತ್ತದೋ ಇಲ್ಲವೋ ಎಂದು ತಿಳಿಯಲು ಸರಿಯಾದ ಪ್ರಮಾಣದಲ್ಲಿ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಶುರುವಿನ ವಾಕರಿಕೆ ಬಹಳ ಮಂದಿಗೆ ಒಂದೆರಡು ವಾರದಲ್ಲಿ ತಗ್ಗುತ್ತದೆ. ಗುಣ ಕಾಣಲಿಲ್ಲ ಎನ್ನುವುದು ಒಂದು, ತಾಳಿಕೊಳ್ಳಲಾಗದೆ ಬಿಟ್ಟೆ ಎನ್ನುವುದು ಇನ್ನೊಂದು. ವೈದ್ಯರು ಈ ಎರಡರಿಂದ ತೆಗೆಯುವ ತೀರ್ಮಾನವೇ ಬೇರೆ. ಆದ್ದರಿಂದ ಪ್ರತಿ ಔಷಧದ ಮುಂದೆ ಒಳಗಿನ ಔಷಧದ ಹೆಸರು, ದಿನಕ್ಕೆ ಎಷ್ಟು ಮಿಲಿಗ್ರಾಂ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಏಕೆ ಬಿಟ್ಟೆ ಎಂದು ಬರೆ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ. ಹಣ ಸಾಲದೆ ಬಿಟ್ಟೆ, ಯಾರೋ ಹೆದರಿಸಿದರು, ಗುಣವಾಯಿತೆಂದು ಬಿಟ್ಟೆ, ಯಾವುದಾದರೂ ಸರಿ, ನಿಜವನ್ನೇ ಬರೆ.

ಹೆಸರಿನ ವಿಷಯಕ್ಕೆ ಬಂದರೆ, ಕಂಪನಿ ಇಟ್ಟ ಹೆಸರು ಎಷ್ಟೋ ಸಲ ದೇಶದ ಗಡಿ ದಾಟುವುದಿಲ್ಲ. ಕೆಲವು ಸಲ ಔಷಧದ ಹೆಸರೇ ಬದಲಾಗುತ್ತದೆ: ಪ್ಯಾರಾಸಿಟಮಾಲ್ ಅನ್ನೇ ಕೆಲವು ದೇಶಗಳಲ್ಲಿ ಅಸಿಟಮಿನೋಫೆನ್ ಎನ್ನುತ್ತಾರೆ. ಒಂದೇ ಮಾತ್ರೆಯಲ್ಲಿ ಎರಡು ಔಷಧ ಸೇರಿರುವುದೂ ಉಂಟು, ಎರಡನ್ನೂ ಬರೆಯಬೇಕು. ಮಾತ್ರೆಯ ಪಟ್ಟಿಯ ಹಿಂಬದಿಯ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ತಿಂಗಳನ್ನು ಅಕ್ಷರದಲ್ಲಿ ಬರೆ. 3/4 ಎಂದು ಬರೆದರೆ ಒಬ್ಬರು ಏಪ್ರಿಲ್ ಎಂದು ಓದುತ್ತಾರೆ, ಇನ್ನೊಬ್ಬರು ಮಾರ್ಚ್ ಎಂದು.

ಮನಸ್ಸಿನ ವೈದ್ಯರಿಗೆ ದೇಹದ ಕಾಯಿಲೆ ಏಕೆ ಎಂದುಕೊಳ್ಳಬೇಡ. ಥೈರಾಯ್ಡ್ ಕುಂದಿದರೆ ಆಯಾಸ, ಮಂಕು, ನಿರುತ್ಸಾಹ. ಹೆಚ್ಚಾದರೆ ಎದೆ ಡವಗುಟ್ಟುವುದು, ಗಾಬರಿ, ನಿದ್ದೆಗೇಡು. ಬಿ12 ಜೀವಸತ್ವದ ಕೊರತೆಯೂ ಖಿನ್ನತೆಯ ವೇಷ ಹಾಕಬಲ್ಲದು. ಹಳೆಯ ರಕ್ತಪರೀಕ್ಷೆಯ ವರದಿಗಳಿದ್ದರೆ ಅಂಕಿಯ ಜೊತೆ ಅಳತೆಯ ಮಾನವನ್ನೂ ಬರೆದುಕೋ. ಒಂದು ಕಡೆ 90 ಎನ್ನುವ ರಕ್ತದ ಸಕ್ಕರೆ ಇನ್ನೊಂದು ಮಾನದಲ್ಲಿ 5. ಚಿಕ್ಕಂದಿನಲ್ಲಿ ಬಂದ ಫಿಟ್ಸ್, ತಲೆಗೆ ಬಿದ್ದ ಪೆಟ್ಟು, ಹೃದಯದ ತೊಂದರೆ, ಗರ್ಭಿಣಿಯಾಗುವ ಯೋಚನೆ, ಇವೆಲ್ಲ ಔಷಧದ ಆಯ್ಕೆಯನ್ನೇ ಬದಲಿಸುತ್ತವೆ. ಫಿಟ್ಸ್ ಇದ್ದವರಿಗೆ ಬ್ಯುಪ್ರೊಪಿಯಾನ್ ಎಂಬ ಖಿನ್ನತೆಯ ಔಷಧ ಕೊಡುವುದಿಲ್ಲ. ಫಿಟ್ಸ್‌ಗೂ ಮನಸ್ಸಿನ ವಿಪರೀತ ಏರಿಳಿತಕ್ಕೂ ಕೊಡುವ ವಾಲ್ಪ್ರೊಯೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವುದನ್ನೂ ಸೇರಿಸು. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆಯ ಮಾತ್ರೆ ಸಾಧುವಾಗಿ ಕಾಣುತ್ತದೆ, ಆದರೆ ಖಿನ್ನತೆಯ ಹಲವು ಔಷಧಗಳ ಜೊತೆ ಸೇರಿದರೆ ಅಪಾಯಕಾರಿ.

ಇನ್ನು ಮನೆತನದ ಚರಿತ್ರೆ. ಇದಕ್ಕೆ ಅಮ್ಮನಿಗೆ ಫೋನ್ ಮಾಡಲೇಬೇಕು, ಮಾಡುವ ರೀತಿಯೂ ಮುಖ್ಯ. ನಮ್ಮಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ ಎಂದು ಕೇಳಿದೆಯೋ, ಅಂಥದ್ದೆಲ್ಲ ನಮ್ಮ ವಂಶದಲ್ಲೇ ಇಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಥೆ ಕೇಳು. ಚಿಕ್ಕಪ್ಪ ಏಕೆ ಓದು ಅರ್ಧಕ್ಕೆ ಬಿಟ್ಟರು? ಅಜ್ಜಿ ಹೆರಿಗೆಯಾದ ಮೇಲೆ ಏಕೆ ಅಷ್ಟು ದಿನ ಯಾರೊಡನೆಯೂ ಮಾತಾಡಲಿಲ್ಲ? ನನ್ನ ಒಬ್ಬ ಸೋದರಮಾವ ವಾರಗಟ್ಟಲೆ ನಿದ್ದೆಯಿಲ್ಲದೆ ಓಡಾಡಿ, ಸಾಲ ಮಾಡಿ ಹೊಸ ವ್ಯಾಪಾರ ತೆಗೆದು, ಆಮೇಲೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟೇಳುತ್ತಿರಲಿಲ್ಲ. ಮನೆಯಲ್ಲಿ ಅದಕ್ಕೆ ಇದ್ದ ಹೆಸರು ಹುಚ್ಚಾಟ. ಅದನ್ನು ಹೇಳಿದ ದಿನ ನನ್ನ ವೈದ್ಯರು ಪೆನ್ನು ಕೆಳಗಿಟ್ಟು, ಇದನ್ನು ಮೊದಲೇ ಹೇಳಬೇಕಿತ್ತು ಎಂದರು. ಉತ್ಸಾಹವೂ ಖಿನ್ನತೆಯೂ ಸರದಿಯಲ್ಲಿ ಬರುವ, ವಂಶದಲ್ಲಿ ಹರಿಯಬಲ್ಲ ಬೈಪೋಲಾರ್ ಕಾಯಿಲೆ ಇರುವವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಮನಸ್ಸು ವಿಪರೀತ ಉತ್ಸಾಹದ ಕಡೆಗೆ ಜಿಗಿಯಬಹುದು, ಅದಕ್ಕೇ ಅವರು ರಕ್ತಸಂಬಂಧಿಗಳ ಬಗ್ಗೆ ಅಷ್ಟು ಕೆದಕುವುದು. ನಿನಗೇ ಎಂದಾದರೂ ಮೂರು ಗಂಟೆ ಮಲಗಿಯೂ ದಣಿವಿಲ್ಲದ ದಿನಗಳು ಬಂದಿದ್ದವೇ ಎಂದೂ ಯೋಚಿಸಿ ಬರೆ.

ಭಾಷೆಯದು ಬೇರೆಯೇ ತೊಡಕು. ಬೇಜಾರು ಎನ್ನುವ ಒಂದು ಪದದಲ್ಲಿ ನಾವು ದುಃಖ, ಮುನಿಸು, ಏನೂ ಬೇಡವೆನಿಸುವುದು ಎಲ್ಲವನ್ನೂ ತುಂಬುತ್ತೇವೆ. ಅದನ್ನು ಇನ್ನೊಂದು ಭಾಷೆಗೆ ದಾಟಿಸಲು ಹೋದರೆ ಕಾಲು ಭಾಗವೂ ಉಳಿಯುವುದಿಲ್ಲ. ಭಾವನೆಗೆ ಪದ ಹುಡುಕುವುದಕ್ಕಿಂತ ನಡೆದದ್ದನ್ನು ಹೇಳು: ನಸುಕಿನ 3 ಗಂಟೆಗೆ ಎಚ್ಚರವಾಗುತ್ತದೆ, ಎರಡು ವಾರದಿಂದ ಬಟ್ಟೆ ಒಗೆದಿಲ್ಲ, ಫೋನ್ ಎತ್ತಲು ಭಯ. ದುಭಾಷಿ ಸಿಗುತ್ತಾರೆಯೇ ಎಂದು ನಾಳೆಯೇ ಕರೆಮಾಡಿ ಕೇಳು. ಗಂಡನನ್ನು ಆ ಕೆಲಸಕ್ಕೆ ಕೂರಿಸಬೇಡ. ಅವರು ಒಳ್ಳೆಯವರೇ ಇರಬಹುದು, ಆದರೂ ಅವರ ಮುಂದೆ ನೀನು ಅರ್ಧ ನುಂಗುತ್ತೀಯ, ಉಳಿದರ್ಧವನ್ನು ಅವರು ಸೌಮ್ಯ ಮಾಡುತ್ತಾರೆ.

ಎಷ್ಟು ಹೇಳಬೇಕು ಎಂದೆಯಲ್ಲ. ಕುಡಿತ, ಗೆಳತಿಯಿಂದ ಪಡೆದ ನಿದ್ದೆ ಮಾತ್ರೆ, ಇವನ್ನು ಮುಚ್ಚಿಡಬೇಡ. ವೈದ್ಯರು ಅದನ್ನು ಊರಿಗೆಲ್ಲ ಸಾರುವುದಿಲ್ಲ. ಯಾರದಾದರೂ ಜೀವಕ್ಕೆ ಅಪಾಯವಿದೆ ಎನಿಸಿದಂಥ ಸಂದರ್ಭಗಳಲ್ಲಿ ಮಾತ್ರ ಗುಟ್ಟು ಮುರಿಯಬೇಕಾಗಬಹುದು, ಅದರ ನಿಯಮವನ್ನು ಅವರನ್ನೇ ನೇರವಾಗಿ ಕೇಳಬಹುದು. ಸಾಯುವ ಯೋಚನೆ ಬರುತ್ತದೆಯೇ ಎಂದು ಅವರು ಖಂಡಿತ ಕೇಳುತ್ತಾರೆ, ಎಲ್ಲರನ್ನೂ ಕೇಳುತ್ತಾರೆ, ಬೆಚ್ಚಬೇಡ. ಆದರೆ ಅಂಥ ಯೋಚನೆ ಈಗಲೇ ಬರುತ್ತಿದ್ದರೆ ಮೂರು ವಾರ ಕಾಯುವ ಮಾತೇ ಇಲ್ಲ, ಅಂದೇ ತುರ್ತು ಸಂಖ್ಯೆಗೆ ಕರೆಮಾಡು ಅಥವಾ ಆಸ್ಪತ್ರೆಗೆ ಹೋಗು. ಬಾಲ್ಯದ ಗಾಯಗಳನ್ನು ಮಾತ್ರ ಮೊದಲ ದಿನವೇ ಬಿಚ್ಚಬೇಕಾಗಿಲ್ಲ. ಒಂದು ಸಂಗತಿ ಇದೆ, ಈಗ ಹೇಳಲಾರೆ ಎಂದರೆ ಸಾಕು. ಮತ್ತೆ, ಔಷಧವಿಲ್ಲದ ನಿಜವಾದ ನನ್ನನ್ನು ಅವರು ನೋಡಲಿ ಎಂದು ಈಗ ತೆಗೆದುಕೊಳ್ಳುತ್ತಿರುವುದನ್ನು ನಿಲ್ಲಿಸಬೇಡ. ಕೆಲವು ನಿದ್ದೆ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ಬರುವ ಅಪಾಯವಿದೆ.

ಎಲ್ಲವೂ ಒಂದೇ ಹಾಳೆಯಲ್ಲಿರಲಿ, ಹತ್ತು ಪುಟ ಬರೆದರೆ ಯಾರೂ ಓದುವುದಿಲ್ಲ. ಎರಡು ಪ್ರತಿ ಮಾಡಿಕೋ. ನೋಡಿಕೊಂಡು ಓದಿದರೂ ಯಾರೂ ನಗುವುದಿಲ್ಲ. ಬಿಲ್ಲು ಸಿಕ್ಕ ಮೇಲೆ ನಾನು ಹಾಳೆ ಹಿಡಿದು ಹೋದ ದಿನ ಗಂಟಲು ಕಟ್ಟಿ ಒಂದು ಮಾತೂ ಹೊರಡಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಅವರತ್ತ ಸರಿಸಿ, ಕಿಟಕಿ ನೋಡುತ್ತಾ ಕುಳಿತೆ. ಅವರು ಓದಿಕೊಂಡರು.