ಮಂಡಿ ಬದಲಿ ಆಪರೇಷನ್ ಆಗಿ ಎರಡು ತಿಂಗಳಾದರೂ ಊತ, ನೋವು ಹೋಗಿಲ್ಲ. ನನಗೆ ಮಾತ್ರ ಯಾಕೆ ಇಷ್ಟು ನಿಧಾನ?

ನಿಮಗೆ ಬಲಮಂಡಿ ಪೂರ್ತಿ ಬದಲಾಯಿಸಿದ್ದಾರೆ. ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳುತ್ತದೆ, ರಾತ್ರಿ ನಿದ್ದೆ ಇಲ್ಲ, ನಿಮ್ಮ ಜೊತೆಗೇ ಆಪರೇಷನ್ ಆದವರು ಕೋಲು ಬಿಟ್ಟು ಓಡಾಡುತ್ತಿದ್ದಾರೆ ಅಂತ ಬರೆದಿದ್ದೀರಿ. ಓದಿ ಸಂಕಟವಾಯಿತು. ನನಗೂ ಇದೇ ಆಪರೇಷನ್ ಆಗಿದೆ, ನನ್ನದೂ ನಿಧಾನವಾಗಿ ಸುಧಾರಿಸಿದ ಕಾಲೇ. ನಾನು ಡಾಕ್ಟರಲ್ಲ, ಅನುಭವದಿಂದ ಮತ್ತು ನನ್ನ ಫಿಜಿಯೋ ಹೇಳಿಕೊಟ್ಟಿದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಎರಡು ತಿಂಗಳು ಏನೇನೂ ಅಲ್ಲ. ಹೊರಗಿನ ಗಾಯ ಎರಡು ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ, ಅದನ್ನು ನೋಡಿ ಒಳಗೂ ಎಲ್ಲ ವಾಸಿಯಾಯಿತು ಅಂತ ಮನೆಯವರೂ ಅಂದುಕೊಳ್ಳುತ್ತಾರೆ, ನಾವೂ ಅಂದುಕೊಳ್ಳುತ್ತೇವೆ. ಆದರೆ ಒಳಗೆ ಎರಡು ಮೂಳೆಗಳ ತುದಿ ಕತ್ತರಿಸಿ ಲೋಹ ಕೂರಿಸಿ ನಡುವೆ ಪ್ಲಾಸ್ಟಿಕ್ ಇಟ್ಟಿದ್ದಾರೆ. ಊತ 3ರಿಂದ 6 ತಿಂಗಳವರೆಗೂ ಬಂದು ಹೋಗಿ ಮಾಡುತ್ತದೆ. ಮಂಡಿ ಮುಟ್ಟಿದರೆ ಇನ್ನೊಂದಕ್ಕಿಂತ ಬೆಚ್ಚಗಿರುವುದು ಅದಕ್ಕೂ ಜಾಸ್ತಿ ದಿನ ಇರಬಹುದು. ಪೂರ್ತಿ ಸುಧಾರಿಸಲು ಒಂದು ವರ್ಷ ಹಿಡಿಯುವುದು ಸಾಮಾನ್ಯ. ಸೊಂಟದ ಕೀಲು ಬದಲಾಯಿಸಿಕೊಂಡವರ ಜೊತೆಯಂತೂ ಹೋಲಿಸಿಕೊಳ್ಳಲೇಬೇಡಿ, ಅವರು ಸಾಮಾನ್ಯವಾಗಿ ಬೇಗ ಓಡಾಡುತ್ತಾರೆ.

ನೀವು ನೋಡಬೇಕಾದದ್ದು ನಿಧಾನವಾಗಿ ಹೋಗುತ್ತಿದೆಯಾ ಅಥವಾ ನಿಂತೇ ಹೋಗಿದೆಯಾ ಅನ್ನುವುದನ್ನು. ಎರಡೂ ಬೇರೆ ಬೇರೆ. ನೋವನ್ನು ನೋಡಿದರೆ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ನೋವು ಒಂದೊಂದು ದಿನ ಒಂದೊಂದು ಥರ. ನಾನು ಹೀಗೆ ಮಾಡುತ್ತಿದ್ದೆ: ಹಾಸಿಗೆ ಮೇಲೆ ಕಾಲು ಚಾಚಿ ಕುಳಿತು ಮಂಡಿಯ ಹಿಂದೆ ಅಂಗೈ ತೂರಿಸಿ ನೋಡುವುದು. ಮೊದಮೊದಲು ಇಡೀ ಕೈ ಸಲೀಸಾಗಿ ಆಚೆ ಹೋಗುತ್ತಿತ್ತು. ಆಮೇಲಾಮೇಲೆ ಬೆರಳುಗಳು ಸಿಕ್ಕಿಹಾಕಿಕೊಳ್ಳಲು ಶುರುವಾಯಿತು, ಅಂದರೆ ಕಾಲು ನೇರವಾಗುತ್ತಿದೆ ಅಂತ ಅರ್ಥ. ಮಡಚುವುದಕ್ಕೆ, ಕುರ್ಚಿ ಮೇಲೆ ಕುಳಿತು ಪಾದವನ್ನು ಹಿಂದಕ್ಕೆ ಎಳೆದುಕೊಂಡು ಹೆಬ್ಬೆರಳು ತಲುಪಿದ ಜಾಗದಲ್ಲಿ ನೆಲಕ್ಕೆ ಟೇಪ್ ಅಂಟಿಸುತ್ತಿದ್ದೆ. ವಾರಕ್ಕೊಮ್ಮೆ ಮಾತ್ರ. ದಿನಾ ಅಳೆದರೆ ಸುಮ್ನೆ ಮನಸ್ಸು ಕೆಡುತ್ತದೆ. ಕುರ್ಚಿ ಅದೇ ಇರಲಿ, ಅದನ್ನು ಇಡುವ ಜಾಗವೂ ಅದೇ ಇರಲಿ.

ಎಲ್ಲರೂ ಮಡಚುವುದರ ಬಗ್ಗೆಯೇ ಮಾತಾಡುತ್ತಾರೆ. ನೇರವಾಗುವುದು ಅದಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ಕಾಲು ಸ್ವಲ್ಪವೇ ಮಡಚಿಕೊಂಡು ಉಳಿದರೂ ನಿಂತಷ್ಟು ಹೊತ್ತೂ ತೊಡೆಯ ಸ್ನಾಯು ದುಡಿಯುತ್ತಲೇ ಇರಬೇಕು, ಬೇಗ ಸುಸ್ತು, ಕುಂಟುವುದು ಹೋಗುವುದಿಲ್ಲ. ರಾತ್ರಿ ಮಂಡಿ ಕೆಳಗೆ ದಿಂಬು ಇಟ್ಟರೆ ತುಂಬಾ ಹಾಯೆನಿಸುತ್ತದೆ, ನಿಜ. ದಯವಿಟ್ಟು ಇಡಬೇಡಿ. ಟವೆಲ್ ಸುತ್ತಿ ಹಿಮ್ಮಡಿಯ ಕೆಳಗೆ ಇಡಿ, ಮಂಡಿ ತನ್ನ ಭಾರಕ್ಕೇ ಕೆಳಗೆ ಇಳಿಯಲಿ. ಹಾಗೇ ತೊಡೆ ಬಿಗಿಹಿಡಿದು ಮಂಡಿಯನ್ನು ಹಾಸಿಗೆಗೆ ಒತ್ತಿ ಐದು ಸೆಕೆಂಡ್ ಹಿಡಿದು ಬಿಡಿ. ನೋಡಲು ಏನೂ ಅಲ್ಲದ ವ್ಯಾಯಾಮ, ಆದರೆ ಆಪರೇಷನ್ ಆದ ಮೇಲೆ ತೊಡೆಯ ಮುಂಭಾಗದ ಸ್ನಾಯು ವಿಪರೀತ ಸೊರಗಿರುತ್ತದೆ.

ಮಂಡಿ 90 ಡಿಗ್ರಿ ಮಡಚಿದರೆ ಸಾಧಾರಣ ಎತ್ತರದ ಕುರ್ಚಿ, ಮೆಟ್ಟಿಲು ಹೆಚ್ಚುಕಡಿಮೆ ನಡೆಯುತ್ತದೆ. ತಗ್ಗಾದ ಸೀಟಿನಿಂದ ಏಳಲು ಇನ್ನೂ ಜಾಸ್ತಿ ಬೇಕು. ಎರಡು ತಿಂಗಳಾದರೂ 90ರ ಹತ್ತಿರಕ್ಕೂ ಬಂದಿಲ್ಲ, ವಾರದಿಂದ ವಾರಕ್ಕೆ ಒಂದಿಂಚೂ ಕದಲುತ್ತಿಲ್ಲ ಅಂದರೆ ಮುಂದಿನ ತಾರೀಖಿಗೆ ಕಾಯಬೇಡಿ, ಈಗಲೇ ಸರ್ಜನ್‌ಗೆ ತೋರಿಸಿ. ಕೆಲವರಿಗೆ ಅರಿವಳಿಕೆ ಕೊಟ್ಟು ಮಂಡಿ ಮಡಚಿ ಬಿಗಿತ ಬಿಡಿಸುತ್ತಾರೆ. ಅದು ಮೊದಲ ಮೂರು ತಿಂಗಳೊಳಗೆ ಆದರೆ ಒಳ್ಳೆಯದು. ಆಮೇಲೆ ಒಳಗಿನ ಗಾಯದ ಅಂಗಾಂಶ ಗಟ್ಟಿಯಾಗಿ ಕಷ್ಟವಾಗುತ್ತದೆ.

ಎಷ್ಟು ವ್ಯಾಯಾಮ ಮಾಡಬೇಕು ಅನ್ನುವುದಕ್ಕೆ ಉತ್ತರ ಮಾರನೇ ದಿನ ಬೆಳಿಗ್ಗೆ ಸಿಗುತ್ತದೆ. ಎದ್ದಾಗ ಊತ ಜಾಸ್ತಿಯಾಗಿ ಮಡಚುವುದು ಕಡಿಮೆಯಾಗಿದ್ದರೆ ನಿನ್ನೆ ಅತಿಯಾಯಿತು ಅಂತ. ಆಗ ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಮಾಡುವಾಗ ನೋವಾಗಿ ಸ್ವಲ್ಪ ಹೊತ್ತಿಗೆ ಇಳಿದರೆ ಪರವಾಗಿಲ್ಲ. ಹಲ್ಲು ಕಚ್ಚಿಕೊಂಡು ಮಾಡಿದಷ್ಟೂ ಒಳ್ಳೆಯದು ಅನ್ನುವವರ ಮಾತು ಕೇಳಬೇಡಿ, ಯಾಕೆಂದರೆ ಊತ ಇದ್ದಾಗ ತೊಡೆಯ ಸ್ನಾಯು ಸರಿಯಾಗಿ ಕೆಲಸವನ್ನೇ ಮಾಡುವುದಿಲ್ಲ. ಕಾಲು ಎತ್ತರಕ್ಕೆ ಇಟ್ಟು, ಬಟ್ಟೆ ಸುತ್ತಿದ ಐಸ್ ಪ್ಯಾಕನ್ನು 15-20 ನಿಮಿಷ ಇಟ್ಟುಕೊಂಡು ಮಲಗುವುದೂ ಚಿಕಿತ್ಸೆಯೇ, ಸೋಮಾರಿತನ ಅಲ್ಲ. ಡಾಕ್ಟರ್ ಬರೆದ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ತೆಗೆದುಕೊಳ್ಳಬಹುದಾ ಅಂತ ಕೇಳಿ. ನನಗೆ ಅದರಿಂದ ದೊಡ್ಡ ವ್ಯತ್ಯಾಸವಾಯಿತು.

ಕೋಲು ಬಿಡಲು ಅವಸರ ಬೇಡ. ನಿಮ್ಮದು ಬಲಮಂಡಿ, ಕೋಲು ಎಡಗೈಯಲ್ಲಿರಲಿ. ಕೋಲಿಲ್ಲದೆ ಕುಂಟುವುದಕ್ಕಿಂತ ಕೋಲು ಹಿಡಿದು ನೆಟ್ಟಗೆ ನಡೆಯುವುದು ಎಷ್ಟೋ ಮೇಲು, ಕುಂಟು ನಡಿಗೆ ಒಮ್ಮೆ ರೂಢಿಯಾದರೆ ಬಿಡಿಸುವುದು ಕಷ್ಟ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ನಿದ್ದೆಯದೇ ದೊಡ್ಡ ಗೋಳು, ಅಲ್ವಾ? ಅದು ಎಷ್ಟೋ ಜನಕ್ಕೆ ಎರಡು ಮೂರು ತಿಂಗಳು ಕಾಡುತ್ತದೆ. ಒಳ್ಳೆ ಕಾಲಿನ ಕಡೆಗೆ ತಿರುಗಿ ಮಲಗಿ, ತೊಡೆಯಿಂದ ಪಾದದವರೆಗೆ ಎರಡು ಕಾಲುಗಳ ನಡುವೆ ಉದ್ದ ದಿಂಬು ಇಟ್ಟುಕೊಂಡು ನೋಡಿ. ಜೋರು ವ್ಯಾಯಾಮ ಬೆಳಿಗ್ಗೆಗೇ ಮುಗಿಸಿ. ನಿದ್ದೆಗೆಟ್ಟವರಿಗೆ ನೋವೂ ಜಾಸ್ತಿ, ಅಳುವೂ ಜಾಸ್ತಿ. ಸುಮ್ಮಸುಮ್ಮನೆ ಕಣ್ಣಲ್ಲಿ ನೀರು ಬಂದರೆ ನಿಮಗೇನೋ ಆಗಿದೆ ಅಂದುಕೊಳ್ಳಬೇಡಿ. ಅದನ್ನೂ ಡಾಕ್ಟರ್ ಹತ್ತಿರ ಹೇಳಿ, ಮುಚ್ಚಿಡಬೇಡಿ.

ಹೊಲಿಗೆಯ ಹೊರಬದಿಯಲ್ಲಿ ಚರ್ಮ ಮರಗಟ್ಟಿದಂತಿರುವುದು, ನಡೆಯುವಾಗ ಟಕ್ ಅನ್ನುವುದು, ಇವಕ್ಕೆ ಹೆದರಬೇಕಿಲ್ಲ. ಆದರೆ ಮೀನಖಂಡ ಊದಿ ಒತ್ತಿದರೆ ನೋವು, ಜ್ವರ, ಗಾಯದಿಂದ ಕೀವು ಅಥವಾ ನೀರು ಸೋರುವುದು, ಕಡಿಮೆಯಾಗುತ್ತಿದ್ದ ನೋವು ಇದ್ದಕ್ಕಿದ್ದಂತೆ ಏರುವುದು, ಇದರಲ್ಲಿ ಯಾವುದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ಒಂದು ನಿಮಿಷವೂ ಕಾಯಬೇಡಿ.

ನಿಮ್ಮ ಫಿಜಿಯೋ ಹತ್ತಿರ ಅಳತೆ ಹಾಕಿಸಿ, ಈಗ ಎಷ್ಟು ಡಿಗ್ರಿ ಮಡಚುತ್ತದೆ, ಎಷ್ಟು ನೇರವಾಗುತ್ತದೆ, ಒಂದು ತಿಂಗಳ ಹಿಂದೆ ಎಷ್ಟಿತ್ತು ಅಂತ ಇಲ್ಲೇ ಕೆಳಗೆ ಬರೆಯಿರಿ. ಆಗ ಇನ್ನೂ ಸರಿಯಾಗಿ ಮಾತಾಡಬಹುದು.